ಎರಡು ತೊಟ್ಟಿಯ ಹಳೆಯ ವಾಷಿಂಗ್ ಮಷೀನು: ಸುಸ್ಥಿತಿಯದನ್ನು ಹುಡುಕುವ, ಅರಿಯುವ, ಉಳಿಸಿಕೊಳ್ಳುವ ಬಗೆ

ಒಂದು ತೊಟ್ಟಿಯಲ್ಲಿ ಬಟ್ಟೆ ಒಗೆದು, ಪಕ್ಕದ ಇನ್ನೊಂದು ಸಣ್ಣ ತೊಟ್ಟಿಯಲ್ಲಿ ಹಿಂಡುವ ಸೆಮಿ ಆಟೋಮ್ಯಾಟಿಕ್ ಮಷೀನು 1990ರ ದಶಕದಲ್ಲಿ ನಮ್ಮ ಮಧ್ಯಮ ವರ್ಗದ ಅನೇಕ ಮನೆಗಳ ಬಚ್ಚಲಿಗೆ, ಹಿತ್ತಿಲ ಜಗಲಿಗೆ ಬಂದು ಒಗೆಯುವ ಕಲ್ಲಿನ ಪಕ್ಕದಲ್ಲಿ ನೆಲೆಯೂರಿತು. ಬಿಪಿಎಲ್ ಸ್ಯಾನ್ಯೊ, ವಿಡಿಯೋಕಾನ್, ವರ್ಲ್‌ಪೂಲ್ ಮುಂತಾದ ಹೆಸರುಗಳನ್ನು ಹೊತ್ತ ಆ ಕಾಲದ ಮಷೀನುಗಳಲ್ಲಿ ಕೆಲವು ಇಂದಿಗೂ ಕೆಲಸ ಮಾಡುತ್ತಿವೆ. ಇನ್ನು ಕೆಲವು ಮಹಡಿಯ ಮೂಲೆಯಲ್ಲಿ ಬೆಡ್‌ಶೀಟು ಹೊದ್ದು, ಯಾರಾದರೂ ಕೇಳಿಯಾರೇ ಎಂದು ಕಾಯುತ್ತಿವೆ. ಅಂಥದೊಂದನ್ನು ಹುಡುಕಿ ತಂದು, ದಿನನಿತ್ಯ ಬಳಸಬೇಕೆನ್ನುವವರಿಗಾಗಿ ಈ ಬರಹ.

ಹಳೆಯ ಮಷೀನು ನೋಡಲು ಹೋದವರು ಸಾಮಾನ್ಯವಾಗಿ ಹೊರಮೈಯ ಹೊಳಪನ್ನು ನೋಡುತ್ತಾರೆ, ಇಲ್ಲವೇ ಒಮ್ಮೆ ಸ್ವಿಚ್ಚು ಹಾಕಿ ಮೋಟರು ತಿರುಗಿದರೆ ಸಾಕೆಂದುಕೊಳ್ಳುತ್ತಾರೆ. ನಾನು ಬಳಸುವ ಅಳತೆಗೋಲು ಬೇರೆ: ಇಷ್ಟು ವರ್ಷಗಳಲ್ಲಿ ನೀರು ಈ ಯಂತ್ರದ ಎಲ್ಲೆಲ್ಲಿ ಹೋಗಿದೆ, ಎಲ್ಲೆಲ್ಲಿ ಹೋಗಿಲ್ಲ? ಬಟ್ಟೆ ಒಗೆಯುವ ಯಂತ್ರವೆಂದರೆ ಮೇಲೆ ನೀರು, ಕೆಳಗೆ ವಿದ್ಯುತ್ತು, ನಡುವೆ ಎರಡು ರಬ್ಬರ್ ಸೀಲುಗಳು. ಆ ಸೀಲುಗಳ ಕೆಳಗಿನ ಭಾಗ ಮೂವತ್ತು ವರ್ಷವೂ ಒಣಗಿಯೇ ಉಳಿದಿದ್ದರೆ ಬಣ್ಣ ಮಾಸಿದ್ದರೂ ಅದು ಒಳ್ಳೆಯ ಮಷೀನು. ಮುಂದೆ ಹೇಳುವ ಹೆಚ್ಚಿನ ಪರೀಕ್ಷೆಗಳೆಲ್ಲ ನೀರಿನ ಈ ಜಾಡನ್ನು ಓದುವ ವಿಧಾನಗಳು.

ಮೊದಲು ಅದರ ವಂಶವನ್ನು ತಿಳಿಯಿರಿ

1948ರಲ್ಲಿ ವೇಲ್ಸ್‌ನ ಮರ್ಥಿರ್ ಟಿಡ್‌ಫಿಲ್‌ನಲ್ಲಿ ಹೂವರ್ ಕಂಪನಿಯು ಕಾರ್ಖಾನೆ ತೆರೆದು ಸಣ್ಣದೊಂದು ವಿದ್ಯುತ್ ಮಷೀನನ್ನು ತಯಾರಿಸತೊಡಗಿತು. ಅದರ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಬಿಲ್ಲೆಯಾಕಾರದ ಪಲ್ಸೇಟರ್ ಇತ್ತು. ಅದು ವೇಗವಾಗಿ ತಿರುಗಿ ನೀರಿನಲ್ಲಿ ಸುಳಿ ಎಬ್ಬಿಸುತ್ತಿತ್ತು. ಬಟ್ಟೆ ಹಿಂಡುವುದಕ್ಕೆ ಮಾತ್ರ ಕೈಯಿಂದ ತಿರುಗಿಸುವ ರೋಲರುಗಳೇ ಗತಿ. ಇದೇ ತತ್ತ್ವವನ್ನು ಎತ್ತಿಕೊಂಡ ಜಪಾನಿನ ಸ್ಯಾನ್ಯೊ ಕಂಪನಿಯು 1953ರಲ್ಲಿ ಎಸ್‌ಡಬ್ಲ್ಯು-53 ಎಂಬ ಮಾದರಿಯನ್ನು 28,500 ಯೆನ್ ಬೆಲೆಗೆ ಮಾರಿತು. ಆಗ ಅಲ್ಲಿ ಸಿಗುತ್ತಿದ್ದ ಇತರ ಮಷೀನುಗಳಿಗೆ ಹೋಲಿಸಿದರೆ ಅದು ಸುಮಾರು ಅರ್ಧ ಬೆಲೆ. 1960ರಲ್ಲಿ ಸ್ಯಾನ್ಯೊ ಒಗೆಯುವ ತೊಟ್ಟಿಯ ಪಕ್ಕಕ್ಕೆ ಹಿಂಡುವ ತೊಟ್ಟಿಯನ್ನೂ ಜೋಡಿಸಿತು. ಪಲ್ಸೇಟರ್ ಕ್ರಮೇಣ ಗೋಡೆಯಿಂದ ತೊಟ್ಟಿಯ ತಳಕ್ಕೆ ಇಳಿಯಿತು. ನಮ್ಮ ಮನೆಗಳಿಗೆ ಬಂದದ್ದು ಈ ರೂಪ. 1963ರಲ್ಲಿ ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೇರೂರಿದ ಬಿಪಿಎಲ್ ಸಂಸ್ಥೆಯು ಇದೇ ಸ್ಯಾನ್ಯೊ ಜತೆ ಕೈಜೋಡಿಸಿದ್ದರಿಂದ, ಬಿಪಿಎಲ್ ಸ್ಯಾನ್ಯೊ ಹೆಸರಿನ ಹಳೆಯ ಮಷೀನೊಂದರಲ್ಲಿ ಆ ವಂಶಾವಳಿ ನೇರವಾಗಿಯೇ ಕಾಣುತ್ತದೆ.

ಈ ಇತಿಹಾಸಕ್ಕೆ ಒಂದು ವ್ಯಾವಹಾರಿಕ ಮುಖವೂ ಇದೆ. ಸ್ಯಾನ್ಯೊದ ವಾಷಿಂಗ್ ಮಷೀನಿನ ವ್ಯವಹಾರವನ್ನು 2011ರಲ್ಲಿ ಚೀನಾದ ಹೈಯರ್ ಕಂಪನಿ ಕೊಂಡುಕೊಳ್ಳಲು ಒಪ್ಪಂದ ಮಾಡಿಕೊಂಡಿತು. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹೀಗಾಗಿ ಹಳೆಯ ಮಾದರಿಗಳಿಗೆ ಕಂಪನಿಯಿಂದಲೇ ಬಿಡಿಭಾಗ ಬರುತ್ತದೆಂದು ನಂಬಿ ಕೊಳ್ಳುವಂತಿಲ್ಲ. ಆದರೆ ಬೆಲ್ಟು, ಮೋಟರು ತಿರುಗತೊಡಗಲು ನೆರವಾಗುವ ಕೆಪಾಸಿಟರ್, ಟೈಮರ್, ಸೀಲು, ನೀರು ಬಿಡುವ ಪೈಪು ಇವೆಲ್ಲ ಹಲವು ಕಂಪನಿಗಳ ಮಷೀನುಗಳಿಗೆ ಹೊಂದುವಂಥವು; ರಿಪೇರಿಯವರ ಅಂಗಡಿಯಲ್ಲಿ ಇಂದಿಗೂ ಸಿಗುತ್ತವೆ. ಅಲ್ಲಿ ಸಿಗದಿರುವುದು ತೊಟ್ಟಿ, ಮೇಲಿನ ಪ್ಯಾನೆಲ್ಲು, ಮುಚ್ಚಳಗಳು ಮತ್ತು ಆ ಮಾದರಿಯ ಗುಬ್ಬಿಗಳು, ಅಂದರೆ ತಿರುಗಿಸುವ ನಾಬುಗಳು. ಆದ್ದರಿಂದ ಕೆಟ್ಟ ಕೆಪಾಸಿಟರ್ ಇರುವ ಮಷೀನನ್ನು ಧೈರ್ಯವಾಗಿ ಕೊಳ್ಳಬಹುದು, ಸೀಳು ಬಿಟ್ಟ ತೊಟ್ಟಿಯದನ್ನು ಎಷ್ಟೇ ಅಗ್ಗವಾದರೂ ಬಿಟ್ಟು ಬರಬೇಕು.

ಎಲ್ಲಿ ಹುಡುಕಬೇಕು, ಯಾವ ಊರಿನ ನೀರು

ಹುಡುಕಾಟವನ್ನು ಗುಜರಿಯಿಂದ ಆರಂಭಿಸಬೇಡಿ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಿನ ಸಂಡೇ ಬಜಾರಿನಂಥ ಕಡೆ ಗುಬ್ಬಿ, ಮುಚ್ಚಳ, ಪೈಪು ಸಿಕ್ಕೀತು. ಆದರೆ ಗುಜರಿಗೆ ಬಂದ ಇಡೀ ಮಷೀನು ಮಳೆಯಲ್ಲಿ ನೆನೆದು, ಟೆಂಪೋದಲ್ಲಿ ಮಗುಚಿ ಬಿದ್ದು ಬಂದಿರುವ ಸಾಧ್ಯತೆ ಹೆಚ್ಚು. ಮನೆ ಖಾಲಿ ಮಾಡುವವರು, ಮಕ್ಕಳ ಊರಿಗೆ ಹೊರಟ ಹಿರಿಯರು, ಹೊಸ ಫ್ರಂಟ್ ಲೋಡ್ ಮಷೀನು ತಂದು ಹಳೆಯದನ್ನು ಏನು ಮಾಡುವುದೆಂದು ತಿಳಿಯದವರು, ಇವರೇ ಒಳ್ಳೆಯ ಮೂಲ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು, ಓಎಲ್‌ಎಕ್ಸ್, ಇವೆರಡಕ್ಕಿಂತಲೂ ನಂಬಿಕೆಯಾದ ದಾರಿಯೆಂದರೆ ಬಡಾವಣೆಯಲ್ಲಿ ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತಿರುವ ಮೆಕ್ಯಾನಿಕ್. ಯಾವ ಮನೆಯ ಮಷೀನನ್ನು ಎಷ್ಟು ಸಲ ಬಿಚ್ಚಿದ್ದೇನೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ.

ಮಷೀನು ಯಾವ ಊರಿನಲ್ಲಿ ಬದುಕಿತು ಎಂಬುದನ್ನು ಅದರ ವಯಸ್ಸಿನಷ್ಟೇ ಗಂಭೀರವಾಗಿ ಪರಿಗಣಿಸಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಅಥವಾ ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಆ ನೀರಿನಲ್ಲಿ ದುಡಿದ ಮಷೀನಿನ ಪಲ್ಸೇಟರಿನ ಅಡಿಯಲ್ಲಿ, ನೀರು ಬಿಡುವ ವಾಲ್ವಿನ ಸುತ್ತ ಬಿಳಿಯ ಪೊರೆ ಗಟ್ಟಿಯಾಗಿ ಕೂತು, ಕಾಲಕ್ರಮದಲ್ಲಿ ಸೀಲಿನ ತುಟಿಯನ್ನು ಉಜ್ಜಿ ಸವೆಸುತ್ತದೆ. ಮಂಗಳೂರು, ಉಡುಪಿ, ಕಾರವಾರದ ಬಾವಿನೀರು ಹೆಚ್ಚಿನ ಕಡೆ ಮೃದು. ಆದರೆ ಅಲ್ಲಿನ ಉಪ್ಪುಗಾಳಿ ಕಬ್ಬಿಣದ ತಗಡನ್ನು ತಳದಿಂದ ತಿನ್ನುತ್ತಾ ಬರುತ್ತದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವವೂ ವೈರು ಕಡಿಯುವ ಇಲಿಗಳೂ ಮುಖ್ಯ ಶತ್ರುಗಳು. ಕಾವೇರಿ ನೀರಿನ ಮೈಸೂರು, ಹಳೆಯ ಬೆಂಗಳೂರಿನ ಒಳ ಬಡಾವಣೆಗಳು, ಅದರಲ್ಲೂ ಮಷೀನನ್ನು ಬಚ್ಚಲಿನ ಒಳಗಿಡದೆ ಯುಟಿಲಿಟಿಯಲ್ಲೋ ಅಡುಗೆಮನೆಯ ಹಿಂದಿನ ಒಣ ಜಾಗದಲ್ಲೋ ಇಟ್ಟುಕೊಂಡ ಮನೆಗಳು ನನ್ನ ಮೊದಲ ಆಯ್ಕೆ.

ಮನೆಯವರನ್ನು ಕೇಳಬೇಕಾದ ಮಾತು

ನೋಡಲು ಹೋದಾಗ ಬೆಲೆಯನ್ನು ಕೊನೆಗಿಟ್ಟುಕೊಳ್ಳಿ. ಮಷೀನು ಬಳಸಿದವರು ಯಾರೋ ಅವರ ಜತೆ ಮಾತಾಡಿ. ಮಾರಲು ಮುಂದಾದ ಮಗನಿಗಿಂತ, ಇಷ್ಟು ವರ್ಷ ಅದರಲ್ಲಿ ಬಟ್ಟೆ ಒಗೆದ ತಾಯಿಗೆ ಅದರ ಸ್ವಭಾವ ಗೊತ್ತು. ಮೈಸೂರಿನ ಒಂದು ಮನೆಯಲ್ಲಿ ನಾನು, "ಅಮ್ಮಾ, ಒಗೆದಾದ ಮೇಲೆ ಮುಚ್ಚಳ ಮುಚ್ಚಿಬಿಡ್ತಿದ್ರಾ?" ಎಂದು ಕೇಳಿದ್ದೆ. "ಅಯ್ಯೋ, ಮುಚ್ಚಿದ್ರೆ ಮುಗ್ಗಲು ವಾಸನೆ ಬರುತ್ತಪ್ಪ, ಹಳೇ ಪಂಚೆಯಲ್ಲಿ ಒರೆಸಿ, ಸಂಜೆವರೆಗೂ ತೆಗೆದೇ ಇಡ್ತಿದ್ದೆ" ಎಂದರು. ಆ ಒಂದು ಉತ್ತರದಿಂದಲೇ ನನಗೆ ಅರ್ಧ ಪರೀಕ್ಷೆ ಮುಗಿದಂತಾಯಿತು. ಕೊಂಡ ರಸೀದಿ, ಬಳಕೆಯ ಕೈಪಿಡಿ, ಹಿಂಡುವ ತೊಟ್ಟಿಯಲ್ಲಿ ಬಟ್ಟೆಯ ಮೇಲೆ ಒತ್ತಿಡುವ ತೂತುಗಳ ತಟ್ಟೆ, ಮೂಲ ಪೈಪು ಇವೆಲ್ಲ ಅವರ ಅಟ್ಟದಲ್ಲಿ ಒಂದೇ ಚೀಲದಲ್ಲಿದ್ದವು. ಕಾಗದಗಳನ್ನು ಜೋಪಾನ ಮಾಡಿದವರು ಸಾಮಾನ್ಯವಾಗಿ ಯಂತ್ರವನ್ನೂ ಜೋಪಾನ ಮಾಡಿರುತ್ತಾರೆ.

ಇನ್ನು ಎರಡು ಪ್ರಶ್ನೆಗಳು ಸಾಕು. ಕೊನೆಯ ಸಲ ಯಾವಾಗ ಬಳಸಿದಿರಿ, ಮತ್ತು ಮೋಟರನ್ನು ಎಂದಾದರೂ ಬದಲಾಯಿಸಿದ್ದುಂಟೆ? ಹಲವು ವರ್ಷ ನಿಂತೇ ಇರುವ ಮಷೀನಿಗಿಂತ ವಾರಕ್ಕೆರಡು ಸಲ ಓಡುತ್ತಿರುವ ಮಷೀನು ಮೇಲು, ಏಕೆಂದರೆ ಬಳಸದೆ ಬಿಟ್ಟ ರಬ್ಬರು ಒಣಗಿ ಗಡುಸಾಗುತ್ತದೆ.

ಪ್ಲಗ್ಗು ಕಿತ್ತು ಮಾಡುವ ಪರೀಕ್ಷೆ

ಈ ಘಟ್ಟದಲ್ಲಿ ಆತುರ ಪಡಬಾರದು. ಟಾರ್ಚು, ಸ್ಟಾರ್ ಸ್ಕ್ರೂಡ್ರೈವರ್, ಒಂದು ಒಣ ಬಿಳಿ ಬಟ್ಟೆ, ಸಾಧ್ಯವಿದ್ದರೆ ಕೆಪಾಸಿಟರ್ ಅಳೆಯುವ ಮಲ್ಟಿಮೀಟರ್ ಇವನ್ನು ಜತೆಗೊಯ್ಯಿರಿ. ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಹೊರತೆಗೆದು, ಅದು ಕಣ್ಣಿಗೆ ಕಾಣುವಂತೆ ಮಷೀನಿನ ಮೇಲೆಯೇ ಇಟ್ಟುಕೊಳ್ಳಿ.

ಮೊದಲಿಗೆ ಹೊರಮೈಯ ತಗಡು ತಳವನ್ನು ಕೂಡುವ ಅಂಚಿನ ಉದ್ದಕ್ಕೂ ಬೆರಳಾಡಿಸಿ. ಬಣ್ಣದ ಅಡಿಯಲ್ಲಿ ಗುಳ್ಳೆಗಳಿದ್ದರೆ ಒಳಗಿನಿಂದ ತುಕ್ಕು ಹೊರಟಿದೆ ಎಂದರ್ಥ. ಗೀಚಿದ ಕಡೆ ಮಾತ್ರ ಕಂದು ಬಣ್ಣವಿದ್ದರೆ ಚಿಂತೆ ಬೇಡ. ಪ್ಯಾನೆಲ್ಲಿನ ಬಿಳಿ ಪ್ಲಾಸ್ಟಿಕ್ಕು ದಂತದ ಬಣ್ಣಕ್ಕೆ ತಿರುಗಿರುವುದು ಬಿಸಿಲು ಮತ್ತು ವಯಸ್ಸಿನ ಗುರುತು, ಅದನ್ನು ದೋಷವೆಂದು ಎಣಿಸಬಾರದು. ತೊಟ್ಟಿಯ ಒಳಮೂಲೆಗಳಲ್ಲಿ, ಪಲ್ಸೇಟರ್ ಕೂರುವ ಗುಂಡಿಯ ಅಂಚಿನಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಕೂದಲೆಳೆಯ ಸೀಳುಗಳಿವೆಯೇ ನೋಡಿ. ಪಲ್ಸೇಟರನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ, ಅಕ್ಕಪಕ್ಕ ಅಲುಗಾಡಿಸಿ. ತಿರುಗಿಸಿದರೆ ಮೆತ್ತಗೆ ತಿರುಗಬೇಕು. ಅಕ್ಕಪಕ್ಕಕ್ಕೆ ಲಟಲಟ ಅಲ್ಲಾಡಿದರೆ ಶಾಫ್ಟನ್ನು ಹಿಡಿದಿಡುವ ಬಳೆ, ಅಂದರೆ ಬುಷ್ಷು ಸವೆದಿದೆ, ಅದರ ಜತೆಗೆ ಸೀಲೂ ಹೋಗಿರುತ್ತದೆ.

ಬಳಿಕ ಹಿಂಬದಿಯ ಮುಚ್ಚಳ ತೆಗೆಸಿ. ಮಾರುವವರು ಬಿಚ್ಚಲು ಒಪ್ಪದಿದ್ದರೆ ನಮಸ್ಕಾರ ಹೇಳಿ ಹೊರಡುವುದೇ ಒಳ್ಳೆಯದು. ಕೆಪಾಸಿಟರಿನಲ್ಲಿ ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತು ಉಳಿದಿರಬಹುದಾದ್ದರಿಂದ ಅದರ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಈ ಕೆಲಸ ಗೊತ್ತಿರುವವರಿಂದ, ರೆಸಿಸ್ಟರಿನ ಮೂಲಕ ಆ ವಿದ್ಯುತ್ತನ್ನು ಮೊದಲು ಇಳಿಸಿಕೊಳ್ಳಬೇಕು. ಒಳಗೆ ಎರಡು ಮೋಟರುಗಳು ಕಾಣುತ್ತವೆ. ದೊಡ್ಡದು ಒಗೆಯುವ ತೊಟ್ಟಿಯದು, ಬೆಲ್ಟಿನ ಮೂಲಕ ಪಲ್ಸೇಟರಿನ ಪುಲ್ಲಿಯನ್ನೋ ಗೇರ್ ಬಾಕ್ಸನ್ನೋ ತಿರುಗಿಸುತ್ತದೆ. ಚಿಕ್ಕದು ಹಿಂಡುವ ತೊಟ್ಟಿಯ ನೇರ ಕೆಳಗೆ ಮೂರು ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ.

ನೀರಿನ ಜಾಡು ಇಲ್ಲಿ ಸಿಗುತ್ತದೆ. ಪಲ್ಸೇಟರ್ ಶಾಫ್ಟು ತೊಟ್ಟಿಯನ್ನು ದಾಟಿ ಕೆಳಗೆ ಬರುವ ಜಾಗದಿಂದ ಪುಲ್ಲಿಯ ಕಡೆಗೆ ಬಿಳಿಯ ಅಥವಾ ಕಂದು ಗೆರೆಗಳು ಇಳಿದಿವೆಯೇ? ಹಿಂಡುವ ತೊಟ್ಟಿಯ ಬುಡದಲ್ಲಿರುವ, ಅಕಾರ್ಡಿಯನ್ನಿನಂತೆ ಮಡಿಕೆಗಳುಳ್ಳ ರಬ್ಬರ್ ಸೀಲಿನ ಕೆಳಗೆ, ಚಿಕ್ಕ ಮೋಟರಿನ ನೆತ್ತಿಯ ಮೇಲೆ ಸೋಪಿನ ಹಳೆಯ ಕಲೆ ಇದೆಯೇ? ಬಿಳಿ ಬಟ್ಟೆಯಿಂದ ಮೋಟರಿನ ನೆತ್ತಿಯನ್ನು ಒರೆಸಿ ನೋಡಿ: ಬೂದುಬಣ್ಣದ ಒಣ ಧೂಳು ಬಂದರೆ ಸಂತೋಷ, ಕೆಂಪು ಪುಡಿ ಬಂದರೆ ಅಲ್ಲಿ ನೀರು ಬಿದ್ದಿದೆ. ನಾನು ಕಂಡಂತೆ ಈ ಮಷೀನುಗಳಲ್ಲಿ ಮೊದಲು ಸಾಯುವುದು ಹಿಂಡುವ ಮೋಟರು, ಮತ್ತು ಅದು ಸಾಯುವುದು ಮೇಲಿನ ಸೀಲು ತೊಟ್ಟಿಕ್ಕತೊಡಗಿದ್ದನ್ನು ಯಾರೂ ಗಮನಿಸದೆ ತಿಂಗಳುಗಟ್ಟಲೆ ಬಳಸಿದ್ದರಿಂದ. ಅಗ್ಗದ ಒಂದು ರಬ್ಬರನ್ನು ಸಕಾಲದಲ್ಲಿ ಬದಲಾಯಿಸಿದ್ದರೆ ಆ ಮೋಟರು ಇಂದಿಗೂ ತಿರುಗುತ್ತಿತ್ತು.

ಮಷೀನಿನ ನಿಜವಾದ ವಯಸ್ಸನ್ನು ಸಹ ಇಲ್ಲಿಯೇ ತಿಳಿಯಬಹುದು. ಕೆಪಾಸಿಟರಿನ ಮೇಲೆ ಮೈಕ್ರೋಫ್ಯಾರಡ್ ಅಳತೆಯ ಜತೆಗೆ ಬಹಳಷ್ಟು ಸಲ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ರಸೀದಿಯ ವರ್ಷಕ್ಕೆ ಹತ್ತಿರವಿದ್ದರೆ ಮೂಲ ಕೆಪಾಸಿಟರೇ ಇದೆ ಎಂದಾಯಿತು. ತೀರಾ ಈಚಿನದಾದರೆ ಒಮ್ಮೆ ರಿಪೇರಿಯಾಗಿದೆ, ಅದೇನೂ ಅವಗುಣವಲ್ಲ. ಮೋಟರು ಮೂಲದ್ದೇ ಎಂದು ತಿಳಿಯಲು ಅದರ ಚೀಟಿಯನ್ನು ಹಿಂಬದಿಯ ಫಲಕದೊಂದಿಗೆ ಹೋಲಿಸಿ ನೋಡಿ. ಬೆಲ್ಟನ್ನು ನಡುವೆ ಒತ್ತಿದಾಗ ಸುಮಾರು ಒಂದು ಬೆರಳಿನಷ್ಟು ತಗ್ಗಬೇಕು. ಒಳಭಾಗದಲ್ಲಿ ಬಿರುಕುಗಳಿದ್ದರೆ ಅದರ ಮೇಲಿನ ಎಂ-19, ಎಂ-21 ಎಂಬಂಥ ಗುರುತನ್ನು ಬರೆದುಕೊಂಡರೆ ಹೊಸದನ್ನು ತರುವುದು ಸುಲಭ. ವೈರುಗಳ ಮೇಲೆ ಹಲ್ಲಿನ ಗುರುತು, ಮೂಲೆಯಲ್ಲಿ ಇಲಿಯ ಹಿಕ್ಕೆ, ಬಾಯಿಬಿಟ್ಟ ಇನ್ಸುಲೇಷನ್ ಟೇಪು ಇದ್ದರೆ ಪ್ರತಿಯೊಂದು ಜೋಡಣೆಯನ್ನೂ ಹೊಸದಾಗಿ ಮಾಡಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಓಡಿಸಿ ನೋಡುವ ಪರೀಕ್ಷೆ

ಮುಚ್ಚಳವನ್ನು ಮತ್ತೆ ಹಾಕಿಸಿ, ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಇರುವ ಸಾಕೆಟ್ಟಿನಲ್ಲಿಯೇ ಮಷೀನನ್ನು ಓಡಿಸಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟಿದ್ದರೂ ಅರ್ಥಿಂಗ್ ವೈರು ಇಲ್ಲದಿರುವುದು ಸಾಮಾನ್ಯ. ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ನಿಂತು ಮುಟ್ಟುವ ಸಾಹಸ ಬೇಡ. ಎಲೆಕ್ಟ್ರಿಷಿಯನ್ ಬಳಿ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಎಂಬ ಉಪಕರಣ ಇದ್ದರೆ 500 ವೋಲ್ಟಿನಲ್ಲಿ ವೈರು ಮತ್ತು ತಗಡಿನ ನಡುವಿನ ನಿರೋಧವನ್ನು ಅಳೆಸಿ. 2 ಮೆಗಾಓಮ್‌ಗಿಂತ ಕಡಿಮೆ ಬಂದರೆ, ಕಾರಣ ಹುಡುಕಿ ಸರಿಪಡಿಸುವವರೆಗೆ ಸ್ವಿಚ್ಚು ಹಾಕಬಾರದು.

ತೊಟ್ಟಿಗೆ ಮಧ್ಯದ ಗುರುತಿನವರೆಗೆ ನೀರು ತುಂಬಿ, ಒಂದೆರಡು ಟವೆಲ್ ಹಾಕಿ, ಒಗೆಯುವ ಟೈಮರನ್ನು ಪೂರ್ತಿ ತಿರುಗಿಸಿ. ಈ ಟೈಮರಿನೊಳಗೆ ಇರುವುದು ಸ್ಪ್ರಿಂಗಿನ ಗಡಿಯಾರ, ಸಾಮಾನ್ಯವಾಗಿ 15 ನಿಮಿಷದ್ದು. ಅದನ್ನು ಬಲವಂತವಾಗಿ ಹಿಂದಕ್ಕೆ ತಿರುಗಿಸಿದರೆ ಹಲ್ಲುಗಳು ಮುರಿಯುತ್ತವೆ. ಪಲ್ಸೇಟರ್ ಒಂದು ದಿಕ್ಕಿಗೆ ತಿರುಗಿ, ಕ್ಷಣಕಾಲ ನಿಂತು, ವಿರುದ್ಧ ದಿಕ್ಕಿಗೆ ತಿರುಗಬೇಕು. ಒಂದೇ ದಿಕ್ಕಿಗೆ ತಿರುಗಿದರೆ ದೋಷವಿರುವುದು ಟೈಮರಿನ ಸಂಪರ್ಕದಲ್ಲಿ ಅಥವಾ ವೈರಿನಲ್ಲಿ. ಗುಂಯ್ ಎಂದು ಸದ್ದು ಮಾತ್ರ ಬಂದು ತಿರುಗದಿದ್ದರೆ ಕೂಡಲೇ ನಿಲ್ಲಿಸಿ. ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ. ಸುಟ್ಟ ವಾರ್ನಿಷ್ಷಿನ ವಾಸನೆ ಬಂದರೆ ಮೋಟರಿನ ಸುರುಳಿಗೇ ಪೆಟ್ಟಾಗಿದೆ. ಹದಿನೈದು ನಿಮಿಷವೂ ಬಿಡದೆ ಓಡಿಸಿ, ಆ ಹೊತ್ತಿನಲ್ಲಿ ಮಷೀನಿನ ಅಡಿಯಲ್ಲಿ ಹಳೆಯ ದಿನಪತ್ರಿಕೆ ಹರಡಿಡಿ. ಕಣ್ಣಿಗೆ ಕಾಣದ ಹನಿಯೂ ಕಾಗದದ ಮೇಲೆ ಬಿದ್ದರೆ ಗುರುತು ಬಿಡುತ್ತದೆ, ಮತ್ತು ಗುರುತು ಬಿದ್ದ ಜಾಗ ಯಾವ ಸೀಲಿನ ಕೆಳಗಿದೆ ಎಂಬುದರಿಂದ ದೋಷದ ಮೂಲವೂ ತಿಳಿಯುತ್ತದೆ.

ಹಿಂಡುವ ತೊಟ್ಟಿಯನ್ನು ಮೊದಲು ಖಾಲಿಯಾಗಿ ಓಡಿಸಿ. ಇದರ ನಾಲ್ಕು ಕಾಂತಧ್ರುವದ ಮೋಟರು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 1,500 ಸುತ್ತಿನ ಮಿತಿಯೊಳಗೆ ತಿರುಗುತ್ತದೆ. ಭಾರ ಹೊತ್ತಾಗ ಸುಮಾರು 1,350 ಎಂದಿಟ್ಟುಕೊಳ್ಳಿ. 22 ಸೆಂಟಿಮೀಟರ್ ವ್ಯಾಸದ ತೊಟ್ಟಿ ಆ ವೇಗದಲ್ಲಿ ಸುತ್ತಿದಾಗ, ಅದರ ಗೋಡೆಗೊತ್ತಿದ ಬಟ್ಟೆಯ ಮೇಲೆ ಗುರುತ್ವದ 200 ಪಟ್ಟಿಗೂ ಮಿಕ್ಕ ಎಳೆತ ಬೀಳುತ್ತದೆ. ನೆನೆದ ದುಪ್ಪಟಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದರೂ ಹೋಗದ ನೀರು ಐದು ನಿಮಿಷದಲ್ಲಿ ಇಲ್ಲಿ ಹೋಗುವುದು ಅದಕ್ಕೇ. ತೊಟ್ಟಿ ಹೊರಡುವಾಗ ಒಮ್ಮೆ ಓಲಾಡಿ, ವೇಗ ಹಿಡಿದಂತೆ ನೆಟ್ಟಗಾಗಬೇಕು. ಖಾಲಿಯಿದ್ದಾಗಲೂ ಗೋಡೆಗೆ ಬಡಿದರೆ ಸ್ಪ್ರಿಂಗು ಕುಸಿದಿದೆ ಅಥವಾ ಶಾಫ್ಟು ಬಾಗಿದೆ. ಮೊದಲನೆಯದಕ್ಕೆ ಮದ್ದಿದೆ, ಎರಡನೆಯದಕ್ಕೆ ಸುಲಭವಾದ ಮದ್ದಿಲ್ಲ.

ನಂತರ ಒದ್ದೆ ಟವೆಲುಗಳನ್ನು ಸಮನಾಗಿ ಹರಡಿ, ಮೇಲೆ ತೂತುಗಳ ತಟ್ಟೆ ಒತ್ತಿ, ಮತ್ತೆ ಓಡಿಸಿ. ಪೂರ್ಣ ವೇಗದಲ್ಲಿರುವಾಗ ಹೊರಮುಚ್ಚಳವನ್ನು ಎತ್ತಿರಿ: ಮೋಟರಿನ ವಿದ್ಯುತ್ತು ಕಡಿದು, ಕೆಳಗಿನ ಬ್ರೇಕು ಹಿಡಿದು, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ತೊಟ್ಟಿ ನಿಲ್ಲಬೇಕು. ನಿಲ್ಲುವವರೆಗೆ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಳೆಯ ಮಷೀನುಗಳಲ್ಲಿ ಬ್ರೇಕಿನ ತಂತಿ ಸಡಿಲವಾದರೆ ಬಿಗಿಸುವ ಬದಲು, ಮುಚ್ಚಳದ ಸ್ವಿಚ್ಚನ್ನೇ ನೇರ ಜೋಡಿಸಿ ಬಿಟ್ಟಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಮುಚ್ಚಳ ಎತ್ತಿದರೂ ತಿರುಗುತ್ತಲೇ ಇರುವ ತೊಟ್ಟಿ ಕೈಯ ಮೂಳೆ ಮುರಿಯಬಲ್ಲದು. ಅಂಥ ಮಷೀನನ್ನು ಕೊಂಡರೂ, ಆ ಸ್ವಿಚ್ಚು ಮತ್ತು ಬ್ರೇಕು ಸರಿಯಾಗುವವರೆಗೆ ಅದನ್ನು ಬಳಸಕೂಡದು.

ಕೊನೆಗೆ ನೀರು ಬಿಡುವ ಗುಬ್ಬಿಯನ್ನು ತಿರುಗಿಸಿ. ನೀರು ಸರಾಗವಾಗಿ ಇಳಿದು, ಗುಬ್ಬಿ ಹಿಂದಿರುಗಿಸಿದ ಮೇಲೆ ಪೈಪಿನ ತುದಿಯಿಂದ ಹನಿ ನಿಲ್ಲಬೇಕು. ಹನಿಯುತ್ತಲೇ ಇದ್ದರೆ ವಾಲ್ವಿನ ರಬ್ಬರಿನಡಿ ಗುಂಡಿಯೋ ದಾರವೋ ಸುಣ್ಣದ ಚೂರೋ ಸಿಕ್ಕಿಕೊಂಡಿರುತ್ತದೆ; ಇದು ಸಣ್ಣ ದೋಷ.

ಬೆಲೆಯ ವಿಷಯದಲ್ಲಿ ನನ್ನದು ಸರಳ ಲೆಕ್ಕ. ಗುಜರಿಯವರು ಕೊಡುವುದಕ್ಕಿಂತ ಹೆಚ್ಚನ್ನು ಸಂಕೋಚವಿಲ್ಲದೆ ಕೊಡಿ, ಆದರೆ ನಿಮ್ಮ ಬೆಲೆಗೆ ಸೀಲು, ಬೆಲ್ಟು, ಕೆಪಾಸಿಟರ್ ಮತ್ತು ಸಾಗಾಟದ ಖರ್ಚು ಸೇರಿಸಿದಾಗ ಹೊಸ ಸೆಮಿ ಆಟೋಮ್ಯಾಟಿಕ್ಕಿನ ಅರ್ಧವನ್ನು ಮೀರದಿರಲಿ. ಹಳೆಯದೆಂಬ ಕಾರಣಕ್ಕೇ ದುಬಾರಿ ಬೆಲೆ ಕೇಳುವವರಿದ್ದಾರೆ; ಕೆಲಸ ಮಾಡದ ಹಳೆಯದಕ್ಕೆ ಆ ಬೆಲೆ ಸಲ್ಲದು.

ಮನೆಗೆ ತಂದ ಮೇಲೆ

ಸಾಗಿಸುವಾಗ ಮಷೀನು ನೆಟ್ಟಗೇ ನಿಂತಿರಬೇಕು. ಸ್ಪ್ರಿಂಗುಗಳ ಮೇಲೆ ತೂಗುವ ಹಿಂಡುವ ತೊಟ್ಟಿ ಅತ್ತಿತ್ತ ಬಡಿಯದಂತೆ, ಅದರ ಮತ್ತು ಗೋಡೆಯ ನಡುವೆ ಹಳೆಯ ಬೆಡ್‌ಶೀಟುಗಳನ್ನು ತುರುಕಿ, ಮನೆಗೆ ಬಂದ ಕೂಡಲೇ ನೆನಪಿನಿಂದ ತೆಗೆಯಿರಿ. ಮನೆಯ ವಿದ್ಯುತ್ ಬೋರ್ಡಿನಲ್ಲಿ ವಿದ್ಯುತ್ತು ಸೋರಿದ ಕೂಡಲೇ ಕಡಿಯುವ 30 ಮಿಲಿಆ್ಯಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದಿದ್ದರೆ ಈ ನೆಪದಲ್ಲಾದರೂ ಹಾಕಿಸಿ. ನಿಲ್ಲಿಸುವ ಜಾಗ ಮಟ್ಟವಾಗಿರಬೇಕು, ತಳಕ್ಕೆ ನೀರು ಹರಿದು ಬರದಂತೆ ಎರಡು ಇಟ್ಟಿಗೆಯಷ್ಟು ಎತ್ತರದ ಗಟ್ಟಿ ಪೀಠವಿದ್ದರೆ ಇನ್ನೂ ಒಳ್ಳೆಯದು, ತಳದಲ್ಲಿ ಇಲಿ ತಡೆಯುವ ಜಾಲರಿ ಇರಲೇಬೇಕು.

ಸುಣ್ಣ ಕಟ್ಟಿದ್ದರೆ, ಪಲ್ಸೇಟರಿನ ನಡುವಿನ ಸ್ಕ್ರೂ ಬಿಚ್ಚಿ ಅದನ್ನು ಎತ್ತಿ, ಕೆಳಗಿನ ಕೊಳೆ, ದಾರ, ಹಳೆಯ ಪಿನ್ನುಗಳನ್ನು ಕೈಯಿಂದ ತೆಗೆಯಿರಿ. ಮತ್ತೆ ಜೋಡಿಸಿ, ಸುಮಾರು 30 ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಕರಗಿಸಿ, ಐದು ನಿಮಿಷ ಓಡಿಸಿ, ಒಂದು ಗಂಟೆ ನಿಲ್ಲಿಸಿ, ಮತ್ತೆ ಓಡಿಸಿ ಬಿಡಿ. ಇದರ ಜತೆ ಬ್ಲೀಚು ಎಂದಿಗೂ ಬೆರೆಸಬಾರದು. ಆಮ್ಲ ಮತ್ತು ಬ್ಲೀಚು ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕುದಿಯುವ ನೀರನ್ನು ಹಳೆಯ ಪ್ಲಾಸ್ಟಿಕ್ ತೊಟ್ಟಿಗೆ ಸುರಿಯಬೇಡಿ. ಎರಡು ಸೀಲುಗಳು ಮೂಲದವೇ ಆಗಿದ್ದರೆ, ಸೋರದಿದ್ದರೂ ಒಮ್ಮೆ ಬದಲಾಯಿಸಿಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಹೊರಮೈಗೆ ಹೊಸ ಬಣ್ಣ ಬಳಿಸುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಮೂಲ ಬಣ್ಣ, ಪ್ಯಾನೆಲ್ಲಿನ ಅಕ್ಷರ, ಬೆರಳು ತಾಗಿ ತಾಗಿ ಮಾಸಿದ ಗುಬ್ಬಿ, ಇವು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ತುಕ್ಕು ತಾಗಿದ ಅಂಚಿಗೆ ಮಾತ್ರ ಉಜ್ಜಿ ಪ್ರೈಮರ್ ಹಚ್ಚಿದರೆ ಸಾಕು.

ಬಳಕೆಯಲ್ಲಿ ಕಾಣುವ ಸೊಗಸು

ಈ ಮಷೀನಿನ ನಿಜವಾದ ಗುಣ ಗೊತ್ತಾಗುವುದು ನೀರಿನ ಲೆಕ್ಕದಲ್ಲಿ. ಪೂರ್ಣ ಸ್ವಯಂಚಾಲಿತ ಮಷೀನು ಪ್ರತಿ ಸಲವೂ ಸೋಪಿನ ನೀರನ್ನು ಹೊರಚೆಲ್ಲುತ್ತದೆ. ಇಲ್ಲಿ ನೀವು ಗುಬ್ಬಿ ತಿರುಗಿಸುವವರೆಗೆ ನೀರು ತೊಟ್ಟಿಯಲ್ಲಿಯೇ ಇರುತ್ತದೆ. ಮೊದಲು ಬಿಳಿಯ ಪಂಚೆ, ಅಂಗಿ. ಅದೇ ನೀರಿನಲ್ಲಿ ತಿಳಿಬಣ್ಣದವು. ಕೊನೆಗೆ ಗಾಢ ಬಣ್ಣದವು, ಕಾಲೊರೆಸುಗಳು. ಒಂದು ತೊಟ್ಟಿಯಲ್ಲಿ ಎರಡನೆಯ ಸರದಿ ಒಗೆಯುತ್ತಿರುವಾಗ ಇನ್ನೊಂದರಲ್ಲಿ ಮೊದಲನೆಯದು ಹಿಂಡುತ್ತಿರುತ್ತದೆ. ಟ್ಯಾಂಕರ್ ನೀರಿಗೆ ಹಣ ತೆರುವ ಬಡಾವಣೆಗಳಲ್ಲಿ ಈ ಕ್ರಮದ ಬೆಲೆ ಬೇಗ ತಿಳಿಯುತ್ತದೆ.

ಜಾಲಿಸುವ ಮೊದಲು ಹಿಂಡುವುದನ್ನು ರೂಢಿ ಮಾಡಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ 3 ಲೀಟರ್ ಸೋಪುನೀರು ಉಳಿದಿದೆ ಎಂದುಕೊಳ್ಳೋಣ. ಅದನ್ನು ಹಾಗೆಯೇ 30 ಲೀಟರ್ ಶುದ್ಧ ನೀರಿಗೆ ಹಾಕಿದರೆ ಸೋಪಿನ ಸಾಂದ್ರತೆ ಹನ್ನೊಂದರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ಮೊದಲೇ ಎರಡು ನಿಮಿಷ ಹಿಂಡಿ, ಒಳಗೆ ಅರ್ಧ ಲೀಟರ್ ಮಾತ್ರ ಉಳಿಸಿ ಅದೇ 30 ಲೀಟರಿಗೆ ಹಾಕಿದರೆ ಅರವತ್ತೊಂದರಲ್ಲಿ ಒಂದಂಶವಾಗುತ್ತದೆ. ಮೂರು ಸಲ ಜಾಲಿಸುವ ಕಡೆ ಒಮ್ಮೆ ಅಥವಾ ಎರಡು ಸಲ ಸಾಕಾಗುವುದು ಈ ಕಾರಣದಿಂದ.

ಸದ್ದನ್ನು ಕೇಳಿಸಿಕೊಳ್ಳುವ ಅಭ್ಯಾಸವೂ ಬೆಳೆಯಲಿ. ಮೋಟರಿನ ಗುಂಯ್‌ಕಾರ, ಟೈಮರಿನ ಟಕ್, ಕ್ಷಣದ ಮೌನ, ನೀರು ತೊಟ್ಟಿಯ ಗೋಡೆಗೆ ಹೊರಳಿ ಬೀಳುವ ಸಪ್ಪಳ, ಮತ್ತೆ ವಿರುದ್ಧ ದಿಕ್ಕಿನ ಗುಂಯ್‌ಕಾರ. ಒಂದು ತಿಂಗಳು ಕೇಳಿದರೆ ಈ ಲಯ ಕಿವಿಗೆ ಅಂಟುತ್ತದೆ, ಪಕ್ಕದ ಕೋಣೆಯಲ್ಲಿದ್ದರೂ ಅದು ತಪ್ಪಿದ್ದು ತಿಳಿಯುತ್ತದೆ. ಬೆಲ್ಟು ಸಡಿಲವಾದರೆ ತಿರುಗುವ ಮುನ್ನ ಸಣ್ಣ ಕಿರುಚು ಬರುತ್ತದೆ, ಬುಷ್ಷು ಸವೆದರೆ ಗೊರಗೊರ ಎನ್ನುತ್ತದೆ.

ಆರು ತಿಂಗಳಿಗೊಮ್ಮೆ ಹಿಂಬದಿಯ ಮುಚ್ಚಳ ತೆಗೆದು ಅದೇ ಬಿಳಿ ಬಟ್ಟೆಯ ಪರೀಕ್ಷೆಯನ್ನು ಮತ್ತೆ ಮಾಡಿ, ಬದಲಾಯಿಸಿದ ಭಾಗ ಮತ್ತು ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ರಸೀದಿ, ಕೈಪಿಡಿಗಳ ಜತೆ ಇಡಿ. ತೆಗೆದ ಕೆಪಾಸಿಟರ್, ಸುಟ್ಟ ಮೋಟರುಗಳನ್ನು ಕಸದ ಗಾಡಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ವಾಷಿಂಗ್ ಮಷೀನುಗಳೂ ಬರುತ್ತವೆ. ಪ್ರತಿ ಸಲ ಒಗೆದ ಮೇಲೆ ದಾರ ಹಿಡಿಯುವ ಜಾಲರಿಯನ್ನು ತೊಳೆದು, ನೀರನ್ನು ಪೂರ್ತಿ ಬಿಟ್ಟು, ಪ್ಲಗ್ಗು ಕಿತ್ತು, ಎರಡೂ ತೊಟ್ಟಿಗಳನ್ನು ಒಣಬಟ್ಟೆಯಿಂದ ಒರೆಸಿ, ಮುಚ್ಚಳಗಳನ್ನು ಸಂಜೆಯವರೆಗೆ ತೆರೆದಿಡಿ.